ಇಪ್ಪತ್ತೆರಡೂವರೆ ಸೆಂಟಿಮೀಟರಿನ ಹೆಜ್ಜೆ: ಹೆಣ್ಣಿನದೋ, ಗಂಡಿನದೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಮನೆಗಳಲ್ಲಿ ಚಪ್ಪಲಿ ಜಗಲಿಯ ಕೆಳಗೇ ಉಳಿಯುತ್ತದೆ. ಸದ್ದಾಗಬಾರದೆಂದು ಕಳ್ಳನೂ ಅದನ್ನು ತೋಟದ ಬದಿಯಲ್ಲಿ ಬಿಟ್ಟು ಬರುವುದುಂಟು. ಹಾಗಾಗಿ ಉಗ್ರಾಣದಿಂದ ಅಡಿಕೆ ಮೂಟೆ ಹೋದ ಮರುದಿನ ಬೆಳಿಗ್ಗೆ ರೆಡ್ ಆಕ್ಸೈಡ್ ಚಾವಡಿಯ ಮೇಲೋ, ಮಳೆಗೆ ಮೆತ್ತಗಾದ ಕೆಂಪುಮಣ್ಣಿನಲ್ಲೋ ಬರಿಗಾಲಿನ ಅಚ್ಚು ಸಿಗುತ್ತದೆ. ಅಚ್ಚು ಸ್ವಲ್ಪ ಸಣ್ಣದಾಗಿ ಕಂಡರೆ ಸಾಕು, "ಇದು ಹೆಂಗಸಿನ ಕಾಲು" ಎಂದು ಅಲ್ಲಿ ನಿಂತವರಲ್ಲಿ ಯಾರಾದರೊಬ್ಬರು ಹೇಳಿಬಿಡುತ್ತಾರೆ. ಮಧ್ಯಾಹ್ನದೊಳಗೆ ಆ ಮಾತಿಗೆ ಒಂದು ಹೆಸರು ಅಂಟಿಕೊಂಡಿರುತ್ತದೆ. ಹೆಚ್ಚಾಗಿ ಮನೆಗೆಲಸಕ್ಕೆ ಬರುವ ಹೆಂಗಸಿನದು, ಇಲ್ಲವೇ ಅಡಿಕೆ ಸುಲಿಯಲು ಬಂದವಳದು.

ಹೆಜ್ಜೆಗುರುತಿನ ಅಳತೆಯಿಂದ ಲಿಂಗವನ್ನು ಅಂದಾಜು ಮಾಡುವ ವಿಧಾನ ವಿಧಿವಿಜ್ಞಾನದಲ್ಲಿ ನಿಜವಾಗಿಯೂ ಇದೆ. ಪಂಜಾಬಿನಿಂದ ಮಂಗಳೂರು, ಮಣಿಪಾಲದವರೆಗೆ ವೈದ್ಯಕೀಯ ಕಾಲೇಜುಗಳಲ್ಲೂ ಮಾನವಶಾಸ್ತ್ರ ವಿಭಾಗಗಳಲ್ಲೂ ಪಾದ ಮತ್ತು ಪಾದಮುದ್ರೆಗಳ ಮೇಲೆ ಅಧ್ಯಯನಗಳಾಗಿವೆ. ಗಂಡಸರ ಹೆಜ್ಜೆ ಸರಾಸರಿಯಲ್ಲಿ ಉದ್ದ, ಅಗಲ ಎರಡರಲ್ಲೂ ದೊಡ್ಡದು ಎನ್ನುವುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಸರಾಸರಿಯಿಂದ ಒಬ್ಬ ವ್ಯಕ್ತಿಯ ಕಡೆಗೆ ಹಾರುವಾಗ. ಬಹುಪಾಲು ಹೆಜ್ಜೆಗಳು ಬೀಳುವುದು ಎರಡೂ ಕಡೆಗೆ ಸೇರುವ ನಡುಪಟ್ಟಿಯಲ್ಲಿ. ಅಲ್ಲಿ "ಹೇಳಲಾಗದು" ಎಂದು ಬರೆಯುವ ಧೈರ್ಯ ವರದಿಗೆ ಇರಬೇಕು. ಇಲ್ಲವಾದರೆ ಟೇಪು ಹಿಡಿದು ಅಳೆದದ್ದಕ್ಕೂ ಜಗಲಿಯಲ್ಲಿ ನಿಂತು ಊಹಿಸಿದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಈಗ ಇದನ್ನು ಮಾತಾಡಬೇಕಾದ ಕಾರಣ ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಆ ಕೆಲಸದ ವಿಡಿಯೊ ಆಗಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆ ಕದ್ದರೆ ಅದು ಸಾಮಾನ್ಯ ಕಳವು, ಮೂರು ವರ್ಷದವರೆಗಿನ ಶಿಕ್ಷೆ. ಅದೇ ಅಡಿಕೆ ಮನೆಯೊಳಗಿನಿಂದಲೋ ದಾಸ್ತಾನು ಕೋಣೆಯಿಂದಲೋ ಹೋದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು, ಏಳು ವರ್ಷದವರೆಗೆ. ಅಂದರೆ ಇಷ್ಟು ದಿನ ಕಾನ್‌ಸ್ಟೇಬಲ್ ನೋಡಿ ಹೋಗುತ್ತಿದ್ದ ಚಾವಡಿಯ ಅಚ್ಚು ಇನ್ನು ಕಡತ ಸೇರುವ ಅಚ್ಚು. ಇದರ ಜತೆಗೆ 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬಂಧಿತರ ಹೆಜ್ಜೆಮುದ್ರೆ ತೆಗೆದುಕೊಳ್ಳುವ ಅಧಿಕಾರ ಕೊಡುತ್ತದೆ, ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳಲು ಹೇಳುತ್ತದೆ. ಇದು ತೀರ ಹೊಸದೂ ಅಲ್ಲ, 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯಲ್ಲೂ ಬೆರಳಚ್ಚಿನ ಪಕ್ಕದಲ್ಲೇ ಹೆಜ್ಜೆಮುದ್ರೆ ಇತ್ತು.

ಏನನ್ನು, ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ

ಅಧ್ಯಯನಕ್ಕಾಗಿ ಪಾದಮುದ್ರೆ ತೆಗೆಯುವ ಕ್ರಮ ಸರಳ. ಕಾಲು ತೊಳೆದು ಪೂರ್ತಿ ಒರೆಸಬೇಕು. ಗಾಜಿನ ಅಥವಾ ಲೋಹದ ತಟ್ಟೆಯ ಮೇಲೆ ಮುದ್ರಣದ ಕಪ್ಪು ಶಾಯಿಯನ್ನು ರೋಲರಿನಿಂದ ತೆಳುವಾಗಿ, ಸಮನಾಗಿ ಹರಡಬೇಕು. ಶಾಯಿ ದಪ್ಪವಾದರೆ ಅಂಚು ಹೊರಚೆಲ್ಲಿ ಒಂದೆರಡು ಮಿಲಿಮೀಟರ್ ಸುಳ್ಳು ಅಗಲ ಬರುತ್ತದೆ. ವ್ಯಕ್ತಿ ತಟ್ಟೆಯ ಮೇಲೆ ಕಾಲಿಟ್ಟು, ಬಳಿಕ ಬಿಳಿ ಕಾಗದದ ಮೇಲೆ ಸಹಜ ಭಾರ ಬಿಟ್ಟು ನಿಲ್ಲುತ್ತಾನೆ. ಎರಡೂ ಕಾಲಿನ ಮುದ್ರೆ ಬೇಕು, ಏಕೆಂದರೆ ಒಬ್ಬನದೇ ಎಡ ಬಲ ಕಾಲುಗಳು ಕೆಲವು ಮಿಲಿಮೀಟರ್ ಬೇರೆಯಿರುವುದು ಸಾಮಾನ್ಯ.

ಒಣಗಿದ ಮೇಲೆ ಗುರುತು ಹಾಕುವ ಕೆಲಸ. ಹಿಮ್ಮಡಿಯ ತೀರ ಹಿಂದಿನ ಬಿಂದು ಮೊದಲು. ಅಲ್ಲಿಂದ ಐದೂ ಬೆರಳುಗಳ ತುದಿಗೆ ಒಂದೊಂದು ಉದ್ದ. ಬೆರಳುಗಳ ಬುಡದ ಉಬ್ಬಿನಲ್ಲಿ ಒಳಅಂಚಿನಿಂದ ಹೊರಅಂಚಿಗೆ ಒಂದು ಅಗಲ, ಹಿಮ್ಮಡಿಯಲ್ಲಿ ಇನ್ನೊಂದು ಅಗಲ. ಹೀಗೆ ಒಂದು ಪಾದಕ್ಕೆ ಏಳು ಅಳತೆ. ವರ್ನಿಯರ್ ಕ್ಯಾಲಿಪರಿನಲ್ಲಿ ಮಿಲಿಮೀಟರಿನವರೆಗೆ ಅಳೆದು, ಅದೇ ಮುದ್ರೆಯನ್ನು ಇನ್ನೊಬ್ಬರು ಮೊದಲಿನ ಅಂಕಿ ನೋಡದೆ ಮತ್ತೆ ಅಳೆಯಬೇಕು. ಇಬ್ಬರ ನಡುವೆ ಉದ್ದದಲ್ಲಿ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಅಗಲದಲ್ಲಿ ಬರುತ್ತದೆ, ಅದರಲ್ಲೂ ಹಿಮ್ಮಡಿಯಲ್ಲಿ. ಅಲ್ಲಿ ಅಂಚು ದುಂಡಗಿರುವುದರಿಂದ "ಅತಿ ಅಗಲವಾದ ಜಾಗ" ಯಾವುದೆಂದು ಕಣ್ಣೇ ತೀರ್ಮಾನಿಸಬೇಕು.

ಮೂರು ಕಡೆ ತಪ್ಪು ಮೇಲಿಂದ ಮೇಲೆ ನಡೆಯುತ್ತದೆ. ಒಂದು, ಬಹಳ ಜನರಲ್ಲಿ ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದ. ಬಳಸುವ ಸೂತ್ರ ಹೆಬ್ಬೆರಳಿನ ಉದ್ದಕ್ಕೆ ಮಾಡಿದ್ದೋ ಅತಿ ಉದ್ದದ ಬೆರಳಿಗೆ ಮಾಡಿದ್ದೋ ಎಂದು ನೋಡದೆ ಅಂಕಿ ತುಂಬಿದರೆ ಆರಂಭದಲ್ಲೇ ದಾರಿ ತಪ್ಪಿತು. ಎರಡು, ಕಿರುಬೆರಳು ಅನೇಕ ಸಲ ನೆಲಕ್ಕೆ ತಾಗುವುದೇ ಇಲ್ಲ. ತಾಗದ ಬೆರಳಿಗೆ ಅಂದಾಜಿನ ತುದಿ ಗುರುತಿಸುವುದು ಅಳತೆಯಲ್ಲ. ಮೂರನೆಯದು ಎಲ್ಲಕ್ಕಿಂತ ದುಬಾರಿ: ಪಾದ ಬೇರೆ, ಪಾದದ ಅಚ್ಚು ಬೇರೆ. ಹಿಮ್ಮಡಿಯ ಹಿಂಬದಿಯೂ ಬೆರಳ ತುದಿಯೂ ದುಂಡಗಿರುವುದರಿಂದ ಅವು ನೆಲ ಮುಟ್ಟುವುದಿಲ್ಲ. ಅಚ್ಚು ಸಾಮಾನ್ಯವಾಗಿ ಪಾದಕ್ಕಿಂತ ಒಂದೆರಡು ಸೆಂಟಿಮೀಟರ್ ಗಿಡ್ಡ. ಪಾದದ ಉದ್ದ ಎತ್ತರದ ಸುಮಾರು 15% ಎಂಬ ರೂಢಿಯ ಲೆಕ್ಕವನ್ನೇ ಹಿಡಿಯಿರಿ. 22.5 ಸೆಂ.ಮೀ. ಅಚ್ಚನ್ನು ಪಾದವೆಂದುಕೊಂಡರೆ ಎತ್ತರ 150 ಸೆಂ.ಮೀ. ಬರುತ್ತದೆ, ಒಂದೂವರೆ ಸೆಂಟಿಮೀಟರ್ ಸೇರಿಸಿ ಪಾದ 24 ಎಂದರೆ 160 ಸೆಂ.ಮೀ. ಮೊದಲ ಅಂಕಿ ಕೇಳಿದವರ ಕಣ್ಣಿಗೆ ಗಿಡ್ಡ ಹೆಂಗಸು ಕಾಣುತ್ತಾಳೆ. ಎರಡನೆಯದು ನಮ್ಮಲ್ಲಿ ಎಷ್ಟೋ ಗಂಡಸರ ಎತ್ತರ.

ಗಡಿಬಿಂದು ಮತ್ತು ಅದರ ಎರಡು ಬದಿ

ಅಳತೆಯಿಂದ ಲಿಂಗಕ್ಕೆ ಹೋಗುವ ಅತಿ ಸುಲಭದ ದಾರಿ ಗಡಿಬಿಂದು. ಗಂಡಸರ ಸರಾಸರಿ, ಹೆಂಗಸರ ಸರಾಸರಿ, ಎರಡರ ನಡುವಿನ ಅಂಕಿ. ಅದರ ಮೇಲೆ ಬಂದರೆ ಗಂಡು, ಕೆಳಗೆ ಬಂದರೆ ಹೆಣ್ಣು. ಹಲವು ಅಳತೆಗಳನ್ನು ಒಟ್ಟಿಗೆ ಹಾಕುವ ಸಮೀಕರಣಗಳೂ ಇವೆ, ಈಚೆಗೆ ಕಂಪ್ಯೂಟರಿಗೆ ಕಲಿಸಿ ಹೇಳಿಸುವ ವಿಧಾನಗಳೂ ಬಂದಿವೆ. ಒಳಗಿನ ತರ್ಕ ಮಾತ್ರ ಅದೇ.

ಲೆಕ್ಕ ಅರ್ಥವಾಗಲು ಒಂದು ಮಾದರಿ ಗುಂಪನ್ನು ಇಟ್ಟುಕೊಳ್ಳೋಣ. ಇವು ಯಾವ ಊರಿನ ಅಂಕಿಗಳೂ ಅಲ್ಲ, ಉದಾಹರಣೆಗಾಗಿ ಮಾಡಿಕೊಂಡವು. ಗಂಡಸರ ಅಚ್ಚಿನ ಸರಾಸರಿ ಉದ್ದ 24.0 ಸೆಂ.ಮೀ., ಮಾನಕ ವಿಚಲನೆ (ಸರಾಸರಿಯ ಸುತ್ತ ಅಂಕಿಗಳು ಎಷ್ಟು ಚದುರಿವೆ ಎಂಬುದರ ಅಳತೆ) 1.2. ಹೆಂಗಸರದು 21.8, ವಿಚಲನೆ 1.1. ಗಡಿಬಿಂದು 22.9. ಈ ಗೆರೆ ಎಳೆದರೆ 100 ಗಂಡಸರಲ್ಲಿ 18 ಮಂದಿ ಗೆರೆಯ ಕೆಳಗೆ, ಅಂದರೆ "ಹೆಣ್ಣಿನ" ಬದಿಯಲ್ಲಿ ಬೀಳುತ್ತಾರೆ. 100 ಹೆಂಗಸರಲ್ಲಿ 16 ಮಂದಿ ಗೆರೆಯ ಮೇಲೆ. ಒಟ್ಟು ನಿಖರತೆ 83% ಆಸುಪಾಸು. ಪ್ರಬಂಧದ ಸಾರಾಂಶದಲ್ಲಿ ಈ ಅಂಕಿ ಚೆನ್ನಾಗಿ ಕಾಣುತ್ತದೆ. ಕೇರಳ-ಕರ್ನಾಟಕ ಗಡಿಯ ಮಂಜೇಶ್ವರದಲ್ಲೋ ತಲಪಾಡಿಯಲ್ಲೋ ಬದುಕುವವರಿಗೆ ಗೆರೆಯ ಸ್ವಭಾವ ಬಿಡಿಸಿ ಹೇಳಬೇಕಿಲ್ಲ: ನಕ್ಷೆಯಲ್ಲಿ ಗೆರೆ ಚೂಪಾಗಿರುತ್ತದೆ, ಎರಡೂ ಬದಿಯ ಮನೆಗಳಲ್ಲಿ ಆಡುವ ಭಾಷೆ ಬೆರೆತೇ ಇರುತ್ತದೆ.

ಈಗ ಚಾವಡಿಯ ಅಚ್ಚು 22.5 ಸೆಂ.ಮೀ. ಎಂದಿಟ್ಟುಕೊಳ್ಳಿ. ಗೆರೆಯ ಕೆಳಗಿದೆ, ಆದ್ದರಿಂದ "ಹೆಣ್ಣು" ಎಂದು ಬರೆಯುವುದು ಸುಲಭ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಇಷ್ಟು ಉದ್ದದ ಅಚ್ಚು ಹೆಂಗಸರಲ್ಲಿ ಎಷ್ಟು ಸಾಮಾನ್ಯ, ಗಂಡಸರಲ್ಲಿ ಎಷ್ಟು ಸಾಮಾನ್ಯ? ಮೇಲಿನ ಅಂಕಿಗಳಲ್ಲಿ ಲೆಕ್ಕ ಹಾಕಿದರೆ ಹೆಂಗಸರಲ್ಲಿ ಅದು ಗಂಡಸರಿಗಿಂತ ಸುಮಾರು ಎರಡು ಪಟ್ಟು ಸಾಮಾನ್ಯ. ಎರಡೇ ಪಟ್ಟು. ಇದಕ್ಕೆ ಇನ್ನೊಂದು ವಿಷಯ ಸೇರಿಸಬೇಕು: ಅಚ್ಚು ನೋಡುವ ಮೊದಲೇ ಆ ಕೆಲಸ ಮಾಡಿರಬಹುದಾದವರಲ್ಲಿ ಗಂಡು ಹೆಣ್ಣು ಎಷ್ಟೆಷ್ಟು? ರಾತ್ರಿ ಬೀಗ ಒಡೆದು 60 ಕಿಲೋ ಮೂಟೆ ಹೊತ್ತೊಯ್ಯುವವರಲ್ಲಿ ಐದಕ್ಕೆ ನಾಲ್ವರು ಗಂಡಸರು ಎಂದು ಇಟ್ಟುಕೊಂಡರೂ, 22.5ರ ಅಚ್ಚು ಸಿಕ್ಕ ಬಳಿಕ ಅದು ಹೆಂಗಸಿನದಾಗಿರುವ ಸಾಧ್ಯತೆ ಮೂರರಲ್ಲಿ ಒಂದು ಮಾತ್ರ. ಗಡಿಬಿಂದು "ಹೆಣ್ಣು" ಎಂದಿತು, ಪೂರ್ತಿ ಲೆಕ್ಕ "ಗಂಡಾಗಿರುವ ಸಾಧ್ಯತೆಯೇ ಹೆಚ್ಚು" ಎನ್ನುತ್ತದೆ. ಇದರಲ್ಲಿ ಮಾಟವೇನಿಲ್ಲ. ಗಂಡು ಹೆಣ್ಣು ಸಮಸಮ ಎಂದು ಒಳಗೊಳಗೇ ಭಾವಿಸಿಕೊಂಡು ಗಡಿಬಿಂದು ಕೆಲಸ ಮಾಡುತ್ತದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಅಚ್ಚು 26 ಸೆಂ.ಮೀ. ಇದ್ದಿದ್ದರೆ ಕಥೆಯೇ ಬೇರೆ. ಆಗ ಅದೇ ಅಂಕಿಗಳ ಪ್ರಕಾರ ಗಂಡಿನ ಕಡೆಗೆ ಮುನ್ನೂರು ಪಟ್ಟಿಗೂ ಹೆಚ್ಚು ವಾಲುತ್ತದೆ. ತುದಿಗಳಲ್ಲಿ ಈ ವಿಧಾನಕ್ಕೆ ಬಲವಿದೆ, ನಡುವೆ ಇಲ್ಲ. ನಡು ಎಂದರೆ ಎಷ್ಟು ದೊಡ್ಡದು? ಒಂದು ಕಡೆಗೆ ಹತ್ತು ಪಟ್ಟಿನಷ್ಟಾದರೂ ವಾಲಿದರೆ ಮಾತ್ರ ಏನಾದರೂ ಹೇಳೋಣ ಎಂದು ಮಿತವಾದ ನಿಯಮ ಇಟ್ಟುಕೊಂಡರೂ, ನಮ್ಮ ಮಾದರಿಯಲ್ಲಿ 21.5ರಿಂದ 24.2ರವರೆಗಿನ ಅಚ್ಚುಗಳೆಲ್ಲ ನಡುಪಟ್ಟಿಗೆ ಹೋಗುತ್ತವೆ. ಆ ಪಟ್ಟಿಯೊಳಗೆ 100 ಗಂಡಸರಲ್ಲಿ ಸುಮಾರು 55, 100 ಹೆಂಗಸರಲ್ಲಿ ಸುಮಾರು 60 ಮಂದಿ ಇದ್ದಾರೆ. ಅರ್ಧಕ್ಕಿಂತ ಹೆಚ್ಚು ಜನರ ಹೆಜ್ಜೆಗೆ ಸರಿಯಾದ ಉತ್ತರ "ಹೇಳಲಾಗದು". 83% ನಿಖರತೆಯ ಪಕ್ಕದಲ್ಲಿ ಈ ಅಂಕಿಯನ್ನೂ ಅಚ್ಚು ಹಾಕಿದರೆ ಓದುವ ನ್ಯಾಯಾಧೀಶರಿಗೂ ತನಿಖಾಧಿಕಾರಿಗೂ ನಿಜವಾದ ಚಿತ್ರ ಸಿಗುತ್ತದೆ.

ಅಗಲವನ್ನೂ ಸೇರಿಸಿದರೆ ಪಟ್ಟಿ ಸ್ವಲ್ಪ ಕಿರಿದಾಗುತ್ತದೆ, ಮಾಯವಾಗುವುದಿಲ್ಲ. ಉದ್ದವಾದ ಪಾದ ಅಗಲವೂ ಆಗಿರುವುದರಿಂದ ಎರಡನೆಯ ಅಳತೆ ಬಹುಪಾಲು ಮೊದಲನೆಯದನ್ನೇ ಮತ್ತೊಮ್ಮೆ ಹೇಳುತ್ತದೆ. ಹಿಮ್ಮಡಿಯ ಅಗಲವನ್ನು ಮುಂಗಾಲಿನ ಅಗಲದಿಂದ ಭಾಗಿಸಿ ನೂರರಿಂದ ಗುಣಿಸುವ ಸೂಚ್ಯಂಕವನ್ನು ಬಹಳ ಅಧ್ಯಯನಗಳು ಪರೀಕ್ಷಿಸಿವೆ, ಗಂಡು ಹೆಣ್ಣಿನ ವ್ಯತ್ಯಾಸ ಅದರಲ್ಲಿ ಕ್ಷೀಣ. ಕಾರಣ ಸುಲಭ. ಲಿಂಗದ ಸುಳಿವು ಇರುವುದೇ ಗಾತ್ರದಲ್ಲಿ, ಅನುಪಾತ ಮಾಡಿದೊಡನೆ ಗಾತ್ರವನ್ನು ನಾವೇ ಅಳಿಸಿಹಾಕಿದಂತೆ.

ಇನ್ನೊಂದು ಸುತ್ತು ತಿರುಗುವ ತಪ್ಪನ್ನೂ ಇಲ್ಲೇ ಹೇಳಬೇಕು. ಹೆಜ್ಜೆಯಿಂದ ಎತ್ತರ ಅಂದಾಜಿಸುವ ಸೂತ್ರಗಳು ಗಂಡಿಗೊಂದು, ಹೆಣ್ಣಿಗೊಂದು ಇರುತ್ತವೆ. ಮೊದಲು ಲಿಂಗ ಊಹಿಸಿ, ಆ ಲಿಂಗದ ಸೂತ್ರದಿಂದ ಎತ್ತರ ತೆಗೆದು, "ಎತ್ತರವೂ ಹೆಂಗಸಿನದಕ್ಕೆ ಹೊಂದುತ್ತದೆ" ಎಂದು ಬರೆದರೆ ಎರಡು ಸಾಕ್ಷ್ಯ ಸಿಕ್ಕಂತೆ ಕಾಣುತ್ತದೆ. ಇರುವುದು ಒಂದೇ ಅಚ್ಚು.

ನಮ್ಮ ಕಡೆಯ ಕಾಲುಗಳು

ಅಧ್ಯಯನಗಳಿಗೆ ಕಾಲು ಕೊಡುವವರು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳು, ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನವರು, ಚಿಕ್ಕಂದಿನಿಂದ ಶೂ ಹಾಕಿದವರು. ಆ ಗುಂಪಿನಿಂದ ಬಂದ ಗಡಿಬಿಂದುವನ್ನು ತಳೆ ಕಟ್ಟಿ ಅಡಿಕೆ ಮರ ಹತ್ತುವವರ ಕಾಲಿಗೆ ಹಚ್ಚಿದರೆ ಏನಾಗುತ್ತದೆ? ಬರಿಗಾಲಿನಲ್ಲೇ ಬೆಳೆದ ಪಾದದ ಮುಂಭಾಗ ಹರಡಿಕೊಂಡಿರುತ್ತದೆ, ಬೆರಳುಗಳ ನಡುವೆ ಸಂದು ಹೆಚ್ಚು. ಗದ್ದೆಯಲ್ಲಿ, ತೋಟದಲ್ಲಿ ಬರಿಗಾಲಿನಲ್ಲಿ ದುಡಿದು ತಲೆಹೊರೆ ಹೊತ್ತ ಹೆಂಗಸಿನ ಮುಂಗಾಲಿನ ಅಗಲ ಕಾಲೇಜು ಹುಡುಗನದಕ್ಕೆ ಸಮವಾಗಬಹುದು. ಹಿಮ್ಮಡಿ ಒಡೆದು ದಡ್ಡುಗಟ್ಟಿದ್ದರೆ ಅಚ್ಚಿನ ಹಿಂದಿನ ಅಂಚೇ ಹರಿದಂತೆ ಬರುತ್ತದೆ, ಮೊದಲ ಬಿಂದುವನ್ನು ಎಲ್ಲಿ ಇಡುವುದೆಂಬುದೇ ಪ್ರಶ್ನೆಯಾಗುತ್ತದೆ.

ಹೆರಿಗೆಯ ವಿಷಯ ಬಹಳ ಕಡೆ ಬಿಟ್ಟುಹೋಗುತ್ತದೆ. ಗರ್ಭಾವಸ್ಥೆಯಲ್ಲಿ ಪಾದದ ಕಮಾನು ತಗ್ಗಿ ಕೆಲವು ಮಿಲಿಮೀಟರ್ ಉದ್ದ ಹೆಚ್ಚುವುದುಂಟು, ಅನೇಕರಲ್ಲಿ ಅದು ಮತ್ತೆ ಹಿಂದಿನಂತಾಗುವುದಿಲ್ಲ. ಕಾಲೇಜು ಹುಡುಗಿಯರಿಂದ ಮಾಡಿದ ಸರಾಸರಿಯಲ್ಲಿ ಈ ಮಿಲಿಮೀಟರುಗಳು ಸೇರಿರುವುದಿಲ್ಲ. ಚಪ್ಪಟೆ ಪಾದ, ಸಕ್ಕರೆ ಕಾಯಿಲೆಯ ಬಾವು, ಕರಾವಳಿಯಲ್ಲಿ ಹಿಂದಿನಿಂದಲೂ ಇರುವ ಆನೆಕಾಲು ರೋಗ ಎಲ್ಲವೂ ಅಗಲವನ್ನು ಕೆಡಿಸುತ್ತವೆ. ಹೊರೆ ಹೊತ್ತು ನಡೆದಾಗ ಪಾದ ಹರಡಿ ಅಚ್ಚು ದೊಡ್ಡದಾಗುತ್ತದೆ. ಮೂಟೆ ಇಲ್ಲದೆ ಒಳಬಂದ ಹೆಜ್ಜೆ, ಮೂಟೆ ಹೊತ್ತು ಹೊರಹೋದ ಹೆಜ್ಜೆ ಎರಡೂ ಸಿಕ್ಕರೆ ಬೇರೆ ಬೇರೆ ಅಳೆದು ಬೇರೆಯಾಗಿಯೇ ಬರೆಯಬೇಕು.

ಎಲ್ಲಕ್ಕಿಂತ ದೊಡ್ಡ ಬಲೆ ವಯಸ್ಸು. ಹೆಣ್ಣುಮಕ್ಕಳ ಪಾದ 12ರಿಂದ 14ರೊಳಗೆ ಬೆಳೆದು ನಿಲ್ಲುತ್ತದೆ, ಗಂಡುಮಕ್ಕಳದು 15-16ರವರೆಗೂ ಬೆಳೆಯುತ್ತದೆ. ಹನ್ನೆರಡು ಹದಿಮೂರರ ಹುಡುಗನ ಹೆಜ್ಜೆ ವಯಸ್ಕ ಹೆಂಗಸಿನ ಅಳತೆಯಲ್ಲೇ ಇರುತ್ತದೆ. ಸೂತ್ರಗಳಿಗೆ ಅವನು ಗೊತ್ತೇ ಇಲ್ಲ, ಏಕೆಂದರೆ ಅವು ವಯಸ್ಕರಿಂದ ಮಾಡಿದವು. ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಹುಡುಗನನ್ನು ಇಳಿಸಿದ ಪ್ರಕರಣದಲ್ಲಿ ಸೂತ್ರವನ್ನು ಕೇಳಿದರೆ ಅದು ವಿಶ್ವಾಸದಿಂದಲೇ "ಹೆಣ್ಣು" ಎನ್ನುತ್ತದೆ.

ಹೆಜ್ಜೆಯಿಂದ ಅಂದಾಜಿಸುವುದು ದೇಹದ ಗಾತ್ರ ಯಾವ ಗುಂಪಿಗೆ ಹತ್ತಿರ ಎಂಬುದನ್ನು ಮಾತ್ರ. ಆ ವ್ಯಕ್ತಿ ತನ್ನನ್ನು ಏನೆಂದು ಗುರುತಿಸಿಕೊಳ್ಳುತ್ತಾರೆ ಎಂಬುದರ ಬಗ್ಗೆ ಅಚ್ಚಿನಲ್ಲಿ ಏನೂ ಇಲ್ಲ.

ಸ್ಥಳದಲ್ಲಿ ಕಳೆದುಹೋಗುವ ಮಿಲಿಮೀಟರುಗಳು

ಮೇಲಿನ ಮಾದರಿಯಲ್ಲಿ 22.5 ಇದ್ದದ್ದು 23.0 ಆದರೆ ತಕ್ಕಡಿ ಗಂಡಿನ ಕಡೆಗೆ ತಿರುಗುತ್ತದೆ. ಐದು ಮಿಲಿಮೀಟರ್ ಸಾಕು. ಸ್ಥಳದಲ್ಲಿ ಐದು ಮಿಲಿಮೀಟರ್ ಕಳೆದುಕೊಳ್ಳುವುದು ಬಹಳ ಸುಲಭ.

ಫೋಟೊವನ್ನೇ ನೋಡಿ. ಕೆಸರಿನಲ್ಲಿ 2 ಸೆಂ.ಮೀ. ಆಳದ ಅಚ್ಚು. ಅಳತೆಪಟ್ಟಿಯನ್ನು ಪಕ್ಕದ ನೆಲದ ಮೇಲೆ ಇಟ್ಟು 60 ಸೆಂ.ಮೀ. ಎತ್ತರದಿಂದ ಫೋಟೊ ತೆಗೆದರು. ಪಟ್ಟಿ ಕ್ಯಾಮೆರಾಕ್ಕೆ 60 ಸೆಂ.ಮೀ. ದೂರ, ಅಚ್ಚಿನ ತಳ 62. ದೂರದ್ದು ಚಿಕ್ಕದಾಗಿ ಕಾಣುತ್ತದೆ. 22.5 ಸೆಂ.ಮೀ. ಅಚ್ಚು ಆ ಫೋಟೊದಲ್ಲಿ 21.8ರ ಹತ್ತಿರ ಬರುತ್ತದೆ, ಏಳು ಮಿಲಿಮೀಟರ್ ಹೋಯಿತು, ಅದೂ ಹೆಣ್ಣಿನ ಬದಿಗೆ. ಪಟ್ಟಿಯನ್ನು ಅಚ್ಚಿನ ಪಕ್ಕದಲ್ಲಿ ಮಣ್ಣು ಕೆರೆದು ಅಚ್ಚಿನ ತಳದ ಮಟ್ಟಕ್ಕೇ ಇಳಿಸಿಡಬೇಕು. ಮೂಲೆಮಟ್ಟದ ಆಕಾರದ ಪಟ್ಟಿಯಾದರೆ ಉದ್ದ ಅಗಲ ಎರಡೂ ಸಿಗುತ್ತವೆ, ಕ್ಯಾಮೆರಾ ವಾಲಿದ್ದರೆ ಅದೂ ಪತ್ತೆಯಾಗುತ್ತದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಅಚ್ಚಿಗೆ ನೇರ ಲಂಬವಾಗಿ. ಮೊದಲು ಪಟ್ಟಿಯಿಲ್ಲದೆ, ಬಳಿಕ ಪಟ್ಟಿಯೊಂದಿಗೆ. ಟಾರ್ಚನ್ನು ನೆಲದ ಹತ್ತಿರ ಓರೆಯಾಗಿ ಹಿಡಿದು ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ. ಒಂದೇ ದಿಕ್ಕಿನ ಬೆಳಕಿನಲ್ಲಿ ನೆರಳು ಬಿದ್ದ ಬೆರಳ ತುದಿ ಇನ್ನೊಂದರಲ್ಲಿ ಎದ್ದು ಕಾಣುತ್ತದೆ.

ಮಣ್ಣಿನ ಅಚ್ಚಿಗೆ ಎರಕ ಹೊಯ್ಯುವಾಗ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗಿಂತ ಹಲ್ಲಿನ ವೈದ್ಯರು ಬಳಸುವ ಡೆಂಟಲ್ ಸ್ಟೋನ್ ಮೇಲು. ಪ್ಲಾಸ್ಟರ್ ಮೆದು, ಮಣ್ಣು ತೊಳೆಯುವಾಗ ಅಂಚೂ ಸವೆದುಹೋಗುತ್ತದೆ. ಸುಮಾರು 900 ಗ್ರಾಂ ಪುಡಿಗೆ 350 ಮಿ.ಲೀ. ನೀರು. ಪುಡಿಯನ್ನು ಮೊದಲೇ ಜಿಪ್ ಚೀಲದಲ್ಲಿ ತೂಗಿ ಒಯ್ದರೆ ಅದರಲ್ಲೇ ನೀರು ಹೊಯ್ದು ಮೂರರಿಂದ ಐದು ನಿಮಿಷ ನಾದಬಹುದು. ಹದ ದೋಸೆ ಹಿಟ್ಟಿನದು: ಸೌಟಿನಿಂದ ತಾನಾಗಿ ಹರಿಯಬೇಕು, ನೀರಿನಂತೆ ಓಡಬಾರದು. ಅಚ್ಚಿನ ಮೇಲೇ ಸುರಿದರೆ ಬೀಳುವ ಭಾರಕ್ಕೆ ಅಂಚು ಕುಸಿಯುತ್ತದೆ. ಪಕ್ಕದ ನೆಲದ ಮೇಲೆ ಹೊಯ್ದು ತಾನಾಗಿ ಅಚ್ಚಿನೊಳಗೆ ಹರಿಯಲು ಬಿಡಬೇಕು. ಎತ್ತುವ ಮುಂಚೆ ಕನಿಷ್ಠ ಅರ್ಧ ಗಂಟೆ, ತೊಳೆಯುವ ಮುಂಚೆ ಒಂದೆರಡು ದಿನ. ಆಷಾಢದ ತೇವದಲ್ಲಿ ಅರ್ಧ ಗಂಟೆ ಸಾಲುವುದಿಲ್ಲ. ಕುಂಬಳೆ, ಉಪ್ಪಳ ಕಡೆಯ ಒಣ ಮರಳಿನಲ್ಲಿ ಅಚ್ಚಿನ ಗೋಡೆ ನಿಲ್ಲುವುದೇ ಇಲ್ಲ, ಮೊದಲು ಹೇರ್ ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಬೀಳಿಸಿ ಗಟ್ಟಿಮಾಡಿಕೊಳ್ಳಬೇಕು. ನೀರು ನಿಂತ ಅಚ್ಚಾದರೆ ನೀರು ಬಸಿಯಲು ಹೋಗಬಾರದು. ಸುತ್ತ ಕಟ್ಟೆ ಕಟ್ಟಿ ಒಣಪುಡಿಯನ್ನು ಜರಡಿ ಹಿಡಿದಂತೆ ನೀರಿನ ಮೇಲೇ ಉದುರಿಸುವುದು ಕ್ರಮ.

ಒಳ್ಳೆಯ ಎರಕ ಸಿಕ್ಕ ಮೇಲೂ ಒಂದು ಅಡ್ಡಿ ಉಳಿಯುತ್ತದೆ. ಕೆಸರಿನಲ್ಲಿ ಕಾಲು ಜಾರಿ ಅಚ್ಚು ಉದ್ದವಾಗುತ್ತದೆ, ಕೆಂಪುಮಣ್ಣು ಬಿಸಿಲಿಗೆ ಒಣಗಿ ಕುಗ್ಗಿದರೆ ಗಿಡ್ಡವಾಗುತ್ತದೆ. ನಡೆಯುವ ಕಾಲಿನ ಅಚ್ಚು ನಿಂತ ಕಾಲಿನ ಅಚ್ಚಿಗಿಂತ ಸಾಮಾನ್ಯವಾಗಿ ಉದ್ದ, ಹಿಮ್ಮಡಿಯ ಹಿಂದೆಯೂ ಬೆರಳ ಮುಂದೆಯೂ ಮಸುಕಾದ ಬಾಲ ಇರುತ್ತದೆ. ಕಾಗದದ ಮೇಲೆ ಶಾಯಿಯಲ್ಲಿ ನಿಂತವರಿಂದ ಮಾಡಿದ ಸೂತ್ರಕ್ಕೆ ಕೆಸರಿನಲ್ಲಿ ಓಡಿದವನ ಎರಕದ ಅಳತೆ ಹಾಕುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋದ ಲೆಕ್ಕಕ್ಕೆ ಬರೆದಂತೆ. ಒಂದೇ ಅಚ್ಚನ್ನು ನಂಬದೆ, ಸಾಲಾಗಿ ಸಿಗುವ ನಾಲ್ಕೈದು ಹೆಜ್ಜೆಗಳನ್ನು ಅಳೆದು ಅವುಗಳ ನಡುವೆ ಎಷ್ಟು ಏರುಪೇರಿದೆ ಎಂದು ತೋರಿಸಿದರೆ ತಪ್ಪಿನ ಗಾತ್ರ ಕಣ್ಣಿಗೆ ಬೀಳುತ್ತದೆ.

ನಯವಾದ ನೆಲವಾದರೆ ಲಿಂಗದ ಪ್ರಶ್ನೆಯನ್ನೇ ಹಿಂದಕ್ಕೆ ಇಡಬೇಕು. ಅಂಗಾಲಿನಲ್ಲೂ ಬೆರಳ ತುದಿಯಲ್ಲಿರುವಂತಹ ಗೆರೆಗಳಿವೆ, ಅವೂ ಒಬ್ಬರದು ಇನ್ನೊಬ್ಬರಿಗಿಲ್ಲ. ರೆಡ್ ಆಕ್ಸೈಡ್ ಅಥವಾ ಟೈಲ್ಸ್ ಮೇಲೆ ಆ ಗೆರೆಗಳು ಮೂಡಿದ್ದರೆ ಬೆರಳಚ್ಚಿನಂತೆ ಎತ್ತಿ ನೇರ ಹೋಲಿಕೆ ಮಾಡಬಹುದು. ಕೆಂಪು ನೆಲಕ್ಕೆ ಕಪ್ಪು ಪುಡಿ ಕಾಣುವುದಿಲ್ಲ, ತಿಳಿಬಣ್ಣದ ಅಲ್ಯೂಮಿನಿಯಂ ಪುಡಿ ಬೇಕು. ಮಳೆಗಾಲದಲ್ಲಿ ಚಾವಡಿಯ ನೆಲ ಬೆವರುತ್ತದೆ, ಆಗ ಪುಡಿ ಮುದ್ದೆಯಾಗಿ ಗೆರೆಗಳನ್ನು ಮುಚ್ಚಿಬಿಡುತ್ತದೆ. ಓರೆ ಬೆಳಕಿನ ಫೋಟೊ ಮುಗಿಸಿ, ನೆಲ ಒಣಗಿದ ಮೇಲಷ್ಟೇ ಬ್ರಷ್ ಮುಟ್ಟಬೇಕು. ಗೆರೆ ಸ್ಪಷ್ಟವಾಗಿದ್ದರೆ ಲಿಂಗಕ್ಕೂ ಒಂದು ಸುಳಿವು ಇದೆ: ಹೆಂಗಸರಲ್ಲಿ ಗೆರೆಗಳು ಸರಾಸರಿಯಲ್ಲಿ ಒತ್ತಾಗಿರುತ್ತವೆ. 5 ಮಿ.ಮೀ. ಉದ್ದ 5 ಮಿ.ಮೀ. ಅಗಲದ ಚೌಕದಲ್ಲಿ ಎಷ್ಟು ಗೆರೆ ಇವೆಯೆಂದು ಎಣಿಸುವುದು ಪದ್ಧತಿ. ಇದೂ ನಡುಪಟ್ಟಿ ಇರುವ ಅಂದಾಜೇ.

ಪುಡಿ ಹಾಕುವ ಮೊದಲು ಇನ್ನೊಂದು ಕೆಲಸವಿದೆ. ಬರಿಗಾಲು ಚರ್ಮದ ಕೋಶಗಳನ್ನು ಬಿಟ್ಟುಹೋಗುತ್ತದೆ. ಗೆರೆ ಕಾಣದ, ಅಳತೆಗೆ ಬೇಡದ ಭಾಗದಿಂದ ಒದ್ದೆ ಹತ್ತಿಕಡ್ಡಿಯಲ್ಲಿ ಒರೆಸಿಕೊಂಡರೆ ಡಿಎನ್‌ಎ ಸಿಗುವ ಅವಕಾಶವಿದೆ. ಸಿಕ್ಕರೆ ಅಮೆಲೊಜೆನಿನ್ ಎಂಬ ಜೀನಿನ ಪರೀಕ್ಷೆಯಿಂದ ಲಿಂಗ ಗೊತ್ತಾಗುತ್ತದೆ, ಏಕೆಂದರೆ ಅದರ ಎಕ್ಸ್ ವರ್ಣತಂತುವಿನ ಪ್ರತಿಗೂ ಗಂಡಸರಲ್ಲಿರುವ ವೈ ವರ್ಣತಂತುವಿನ ಪ್ರತಿಗೂ ಉದ್ದದಲ್ಲಿ 6 ಡಿಎನ್‌ಎ ಅಕ್ಷರಗಳ ವ್ಯತ್ಯಾಸವಿದೆ. ಅದಕ್ಕೂ ಅಪವಾದ ಇದೆ. ಕೆಲವು ಭಾರತೀಯ ಗಂಡಸರಲ್ಲಿ ಆ ವೈ ತುಣುಕೇ ಅಳಿದುಹೋಗಿರುವುದನ್ನು ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಅವರ ಮಾದರಿ "ಹೆಣ್ಣು" ಎಂದು ಬರುತ್ತದೆ, ಆದ್ದರಿಂದ ವೈ ವರ್ಣತಂತುವಿನ ಬೇರೆ ಗುರುತುಗಳನ್ನೂ ನೋಡಬೇಕು. ಡಿಎನ್‌ಎಯಂತಹ ಪರೀಕ್ಷೆಯೇ ತನ್ನ ಅಪವಾದವನ್ನು ಹೇಳಿಕೊಳ್ಳುವಾಗ ಟೇಪಿನ ಅಳತೆ ಸುಮ್ಮನಿರುವುದು ಸರಿಯಲ್ಲ.

ನ್ಯಾಯಾಲಯ ಎಲ್ಲಿ ನಿಂತಿದೆ

ಹೆಜ್ಜೆ ಗುರುತಿಸುವ ವಿದ್ಯೆ ಇನ್ನೂ ಪ್ರಾಥಮಿಕ ಹಂತದ್ದು, ಅದರ ಮೇಲೆ ಹೆಚ್ಚು ಭರವಸೆ ಇಡಲಾಗದು, ಇತರ ಸಂಗತಿಗಳ ಜತೆ ಒಂದು ಸಂಗತಿಯಾಗಿ ಪರಿಗಣಿಸಬಹುದು ಎಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ 1956ರ ಪ್ರೀತಂ ಸಿಂಗ್ ಪ್ರಕರಣದಲ್ಲಿ ತಾಳಿತು. 1997ರ ಮೊಹಮ್ಮದ್ ಅಮಾನ್ ಪ್ರಕರಣದಲ್ಲೂ ಅದೇ ದಾರಿ: ಬೇರೆ ಸಾಕ್ಷ್ಯದಿಂದ ಬಂದ ತೀರ್ಮಾನವನ್ನು ಗಟ್ಟಿಮಾಡಲು ಮಾತ್ರ ಇದು ಉಪಯೋಗಕ್ಕೆ ಬರಬಹುದು. ಅವೆರಡರಲ್ಲೂ ಪ್ರಶ್ನೆ ಇದ್ದದ್ದು ಇದು ಇವನದೇ ಹೆಜ್ಜೆಯೇ ಎಂದು. ಅಳತೆಯಿಂದ ಲಿಂಗ ಹೇಳುವುದು ಅದಕ್ಕಿಂತಲೂ ಹಿಂದಿನ ಮೆಟ್ಟಿಲು. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಡಿ ತಜ್ಞರು ಅಭಿಪ್ರಾಯ ಹೇಳಬಹುದು, ಆದರೆ ಅಭಿಪ್ರಾಯಕ್ಕೆ ಆಧಾರವಾದ ಗುಂಪು ಯಾವುದು, ತಪ್ಪಿನ ಪ್ರಮಾಣ ಎಷ್ಟು ಎಂಬುದನ್ನು ಪಾಟೀ ಸವಾಲಿನಲ್ಲಿ ಕೇಳಲು ವಕೀಲರಿಗೆ ಪೂರ್ತಿ ಹಕ್ಕಿದೆ.

ಕಾಸರಗೋಡಿನ ಕನ್ನಡಿಗರು ಇಲ್ಲಿ ಒಂದು ವಿಷಯ ಗಮನದಲ್ಲಿಡಬೇಕು. ಮಹಜರು ಬರೆಯುವುದು ಸಾಮಾನ್ಯವಾಗಿ ಮಲಯಾಳದಲ್ಲಿ. ಪಂಚರಾಗಿ ಸಹಿ ಹಾಕುವವರು ಅದನ್ನು ಓದಿಸಿ, ಅರ್ಥ ಕೇಳಿಕೊಂಡೇ ಸಹಿ ಹಾಕಬೇಕು. "ಬರಿಗಾಲಿನ ಅಚ್ಚು, ಉದ್ದ ಇಷ್ಟು" ಎಂದು ಬರೆದರೆ ಅದು ಕಂಡದ್ದು. "ಹೆಂಗಸಿನ ಕಾಲಚ್ಚು" ಎಂದು ಬರೆದರೆ ಅದು ಊಹೆ, ಮತ್ತು ಆ ಊಹೆಗೆ ಸಹಿ ಹಾಕಿದವರೇ ಸಾಕ್ಷಿಯಾಗುತ್ತಾರೆ.

ಹಾಗಾದರೆ ಈ ವಿಧಾನದ ಪ್ರಯೋಜನವೇನು? ದೊಡ್ಡ ದುರಂತಗಳಲ್ಲಿ ಅದು ಕಾಣುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಉರಿದು 158 ಜನ ಸತ್ತಾಗ ಅವರಲ್ಲಿ ಕಾಸರಗೋಡು ಕಡೆಯವರು ಬಹಳ ಮಂದಿ ಇದ್ದರು. 2024ರ ಜುಲೈ 30ರ ವಯನಾಡು ಭೂಕುಸಿತದಲ್ಲಿ ಚಾಲಿಯಾರ್ ನದಿಯಿಂದ ಪೂರ್ತಿ ದೇಹಗಳ ಜತೆ ದೇಹದ ಭಾಗಗಳೂ ಸಿಕ್ಕವು. ಅಂಥಲ್ಲಿ ಡಿಎನ್‌ಎ ಫಲಿತಾಂಶ ಬರುವವರೆಗೆ, ಸಿಕ್ಕ ಪಾದವನ್ನು ಯಾವ ಸಾಲಿನಲ್ಲಿಟ್ಟು ಮೊದಲು ಹೋಲಿಸಬೇಕು ಎಂದು ನಿರ್ಧರಿಸಲು ಅಳತೆ ನೆರವಾಗುತ್ತದೆ. ಅಲ್ಲಿ ಅಚ್ಚಿಗಿಂತ ಪಾದವನ್ನೇ ಅಳೆಯಬಹುದು, ಎಕ್ಸ್‌ರೇಯಲ್ಲಿ ಪಾದದ ಮೂಳೆಗಳನ್ನೂ ಅಳೆಯಬಹುದು. ನೀರಿನಲ್ಲಿದ್ದ ಪಾದ ಊದಿಕೊಂಡಿರುತ್ತದೆ, ಅಂಗಾಲಿನ ಚರ್ಮ ಕಾಲುಚೀಲದಂತೆ ಕಳಚಿ ಬಂದಿರಬಹುದು. ಆದ್ದರಿಂದ ಅಗಲವನ್ನು ಬದಿಗಿಟ್ಟು ಉದ್ದವನ್ನೇ ನೆಚ್ಚುವುದು ಕ್ಷೇಮ. ಈ ವಿಂಗಡಣೆಯಲ್ಲಿ ತಪ್ಪಾದರೆ ಮುಂದಿನ ಪರೀಕ್ಷೆ ತಿದ್ದುತ್ತದೆ. ಕಳವಿನ ಮನೆಯ ಚಾವಡಿಯಲ್ಲಿ ಹುಟ್ಟಿದ ಸಂಶಯವನ್ನು ತಿದ್ದಲು ಹಾಗೆ ಯಾರೂ ಕಾದು ನಿಂತಿರುವುದಿಲ್ಲ.

ವರದಿಯಲ್ಲಿ ಇರಬೇಕಾದದ್ದು ನಾಲ್ಕು ಸಾಲು. ಅಚ್ಚು ಯಾವ ನೆಲದ್ದು, ಹೇಗೆ ಎತ್ತಿದ್ದು. ಎಷ್ಟು ಹೆಜ್ಜೆಗಳನ್ನು ಅಳೆಯಲಾಯಿತು, ಇಬ್ಬರ ಅಳತೆಯಲ್ಲಿ ಎಷ್ಟು ವ್ಯತ್ಯಾಸ ಬಂತು. ಯಾವ ಜನರಿಂದ, ಯಾವ ವಯಸ್ಸಿನವರಿಂದ ಮಾಡಿದ ಸೂತ್ರ. ಕೊನೆಯ ಸಾಲು ಹೀಗಿರಬಹುದು: "22.5 ಸೆಂ.ಮೀ. ಉದ್ದದ ಈ ಅಚ್ಚು ವಯಸ್ಕ ಹೆಂಗಸಿನದು, ವಯಸ್ಕ ಗಂಡಸಿನದು ಅಥವಾ ಬೆಳೆಯುತ್ತಿರುವ ಹುಡುಗನದು ಆಗಿರಬಹುದು. ಅಳತೆಯೊಂದರಿಂದಲೇ ಲಿಂಗವನ್ನು ಹೇಳಲಾಗದು."